ಏಳನೇ ಪುಸ್ತಕದ ತಾಯಂದಿರು

ಹೈದರಾಬಾದ್
9-7-1979

ಶ್ರೀ ಗದ್ದೆಪ್ಪನವರಿಗೆ,

ನಮಸ್ಕಾರ. ಕುರಿ ವಂಶ ದಾಖಲೆ ಕೇಂದ್ರಕ್ಕೆ ನಾನು ಹೊಸಬಳು. ಇನ್ನು ಮುಂದೆ ರಾಯಚೂರು ಜಿಲ್ಲೆಯ ಪುಸ್ತಕಗಳನ್ನು ನಾನೇ ನೋಡುತ್ತೇನೆ. ಹಿರೇಕೊಟ್ನೆಕಲ್ಲಿನ ಹಿಂಡಿನ ಬಗ್ಗೆ ನೀವು ಬರೆದಿರುವ ಏಳನೇ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಅಕ್ಷರ ಮುತ್ತಿನಂತಿದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತು ಅಷ್ಟು ಸಿಹಿಯಾಗಿಲ್ಲ.

ನಮ್ಮಲ್ಲಿ ಒಂದು ಕುರಿಗೆ ಒಂದು ಕಾರ್ಡು. ಕಿವಿಬಿಲ್ಲೆಯ ಸಂಖ್ಯೆ, ತಾಯಿ, ತಂದೆ, ಬಣ್ಣ, ಬಂದ ರೋಗ, ರಕ್ತದ ಬಗೆ, ಎಲ್ಲವೂ ಅದರಲ್ಲಿ ಸಣ್ಣ ಸಣ್ಣ ತೂತುಗಳಾಗಿ ಕೂರುತ್ತವೆ. ಕಂಪ್ಯೂಟರ್ ಯಂತ್ರ ಆ ತೂತುಗಳನ್ನು ಓದುತ್ತದೆ. ನಮ್ಮ ಕರಿಕುರಿಯ ಇಡೀ ಜಾತಿಯನ್ನೇ ಒಂದು ಕಪಾಟಿನಲ್ಲಿ ಜೋಡಿಸಿಟ್ಟುಕೊಳ್ಳುವ ಕೆಲಸ ಇದು. ಕಾಲುವೆ ನೀರು ಬಂದ ಮೇಲೆ ಒದ್ದೆ ಹುಲ್ಲು ಮೇಯ್ದು, ಜಂತುಹುಳ ಹತ್ತಿ, ಗದ್ದ ಬಾತು ಕುರಿಗಳು ಸಾಯುತ್ತಿವೆಯಲ್ಲ, ಅದರಲ್ಲಿ ಯಾವ ವಂಶ ತಾಳಿಕೊಳ್ಳುತ್ತದೆ ಎಂದು ಈ ಕಾರ್ಡುಗಳಿಂದ ತಿಳಿಯಬೇಕು. ತಾಯಿಯ ಹೆಸರೇ ತಪ್ಪಿದರೆ ಏನೂ ತಿಳಿಯುವುದಿಲ್ಲ.

ಕುರಿಯ ರಕ್ತದಲ್ಲಿ 'ಎ' ಮತ್ತು 'ಬಿ' ಎಂದು ಎರಡು ಬಗೆ. ಮರಿ ಅರ್ಧವನ್ನು ತಾಯಿಯಿಂದ, ಅರ್ಧವನ್ನು ತಂದೆಯಿಂದ ಪಡೆಯುತ್ತದೆ. ಬರೀ 'ಬಿ' ಇರುವ ತಾಯಿಗೆ ಬರೀ 'ಎ' ಇರುವ ಮರಿ ಹುಟ್ಟುವುದು ಸಾಧ್ಯವೇ ಇಲ್ಲ. ನಿಮ್ಮ ಪುಸ್ತಕದಲ್ಲಿ ಅಂಥ ಮರಿಗಳು ಮೂರು ಹುಟ್ಟಿವೆ. ದಯವಿಟ್ಟು ನೋಡಿ ತಿಳಿಸಿ.

ಇಂತು,
ಗುರುಶಾಂತಮ್ಮ
ದಾಖಲೆ ವಿಭಾಗ


ಹಿರೇಕೊಟ್ನೆಕಲ್
21-7-1979

ಮಾನ್ಯ ಗುರುಶಾಂತಮ್ಮ ಬಾಯಿಯವರಿಗೆ ಗದ್ದೆಪ್ಪ ಮಾಡುವ ನಮಸ್ಕಾರಗಳು.

ಪತ್ರ ಓದಿದವನೇ ಅಮೀರ್ ಸಾಬನನ್ನು ಹಿಡಿದೆ. ನಮ್ಮ ರಾಯಚೂರು ಕಚೇರಿಯ ಜವಾನ ಅವನು, ರಕ್ತದ ಶೀಸೆಗಳನ್ನು ಬರ್ಫಿನ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ನಿಮಗೆ ಮುಟ್ಟಿಸುವವನು. "ಬರ್ಫ ಕರಗಿತ್ತು ಖರೆ. ಆದ್ರ ಚೀಟಿ ಒಂದೂ ಉದುರಿಲ್ರೀ, ಖುದಾನ ಆಣಿ" ಎಂದು ಎದೆ ಮುಟ್ಟಿಕೊಂಡ. ನೀವು ಮಾನ್ವಿಯ ಅಕ್ಕಿ ಗಿರಣಿ ವಿರೂಪಣ್ಣನವರ ಮಗಳೆಂದೂ ಅವನೇ ಹೇಳಿದ. ಹಾಗಾದರೆ ನೀವು ನಮ್ಮವರೇ. ನಮ್ಮ ಕಡೆಯವರ ಪುಸ್ತಕವನ್ನು ಇಷ್ಟು ಕೆಕ್ಕರಿಸಿ ನೋಡಬಾರದು!

ಪುಸ್ತಕ ಸರಿ ಇದೆ. ಹಿಂಡಿನ ಒಡತಿ ಬೂದೆಮ್ಮನಿಗೆ ಅರವತ್ತು ದಾಟಿದೆ, ಅಕ್ಷರ ಬಾರದು. ಆದರೆ ಇನ್ನೂರ ಹನ್ನೆರಡು ಕುರಿಗಳ ಅಜ್ಜಿ ಮುತ್ತಜ್ಜಿಯರ ತನಕ ಬಾಯಿಪಾಠ. ಒಂದೊಂದು ವಂಶಕ್ಕೆ ಕಿವಿಯಲ್ಲಿ ಒಂದೊಂದು ಬಗೆಯ ಕಚ್ಚು. ಮರಿಗೆ ಒಂಬತ್ತನೇ ದಿನ ತನ್ನ ಕೈಯಾರೆ ಕಚ್ಚು ಹಾಕುತ್ತಾಳೆ. ಸಂಜೆ ಕುರಿ ಹಟ್ಟಿಗೆ ಬರುವಾಗ ಬಾಗಿಲಲ್ಲಿ ಕೂತು ಒಂದೊಂದರ ಕಿವಿ ಮುಟ್ಟಿ ಒಳಗೆ ಬಿಡುತ್ತಾಳೆ. ಕಣ್ಣು ಈಗ ಮಂಜು, ಬೆರಳಿಗೇನೂ ಆಗಿಲ್ಲ. ಬೇರೆಯವರ ಕುರಿ ನುಸುಳಿದರೆ ಅಲ್ಲೇ ಕಾಲು ಹಿಡಿದು ಹೊರಗೆ ಎಳೆಯುತ್ತಾಳೆ. ಅಂಥವಳ ಲೆಕ್ಕ ತಪ್ಪುವುದೆಂದರೆ ನನಗೆ ನಗು ಬರುತ್ತದೆ.

ಇನ್ನೊಂದು. ಮೂವತ್ತೊಂದನೇ ನಂಬರಿನ ಜೋಲುಗಿವಿ ಕುರಿಯ ಕಾರ್ಡಿನಲ್ಲಿ ನಿಮ್ಮ ಕಚೇರಿಯವರು 'ಗೊಡ್ಡು' ಎಂದು ಹಾಕಿದ್ದಾರಂತೆ. ಅದರ ಹೆಸರಿನಲ್ಲಿ ಪುಸ್ತಕದಲ್ಲಿ ಮರಿ ಇಲ್ಲ, ನಿಜ. ಸಂತೆಯವರು ಬಂದು ಕೇಳಿದರೂ ಬೂದೆಮ್ಮ ಅದನ್ನು ಕೊಡುವುದಿಲ್ಲ. "ಅದು ಇರ್ಲಿ" ಎನ್ನುತ್ತಾಳೆ, ಅಷ್ಟೇ.

ಶೀಸೆಗಳನ್ನು ಮತ್ತೆ ಕಳಿಸುತ್ತೇನೆ.

ತಮ್ಮ ವಿಧೇಯ,
ಗದ್ದೆಪ್ಪ


ಹೈದರಾಬಾದ್
8-8-1979

ಶ್ರೀ ಗದ್ದೆಪ್ಪನವರಿಗೆ,

ಹೊಸ ಶೀಸೆಗಳು ಬಂದವು. ಬರ್ಫ ಕರಗಿರಲಿಲ್ಲ. ಮೂರೂ ಮರಿಗಳ ಫಲಿತಾಂಶ ಹಿಂದಿನದೇ. ಅಷ್ಟೇ ಅಲ್ಲ, ಹಳೆಯ ಶೀಸೆಗಳನ್ನೆಲ್ಲ ಹೊರತೆಗೆದು ಮತ್ತೆ ನೋಡಿದೆ. ಮೂರು ಈಗ ಏಳಾಗಿದೆ.

ನಾನು ನಿಮ್ಮ ಕಡೆಯವಳು ಎಂಬುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ ಗದ್ದೆಪ್ಪನವರೇ, ಬದಲಿಗೆ ತೊಂದರೆ. ಒಂದು ತಪ್ಪನ್ನು ಬಿಟ್ಟುಕೊಟ್ಟರೆ 'ಅವಳ ಊರಿನವನು' ಎನ್ನುತ್ತಾರೆ. ಬೂದೆಮ್ಮನ ಬೆರಳಿನ ಮೇಲೆ ನನಗೆ ಗೌರವವಿದೆ, ಆದರೆ ರಕ್ತ ಬೆರಳನ್ನು ಕೇಳಿ ಬಣ್ಣ ಬದಲಿಸುವುದಿಲ್ಲ. ಮರಿ ಹುಟ್ಟುವಾಗ ನೀವು ನಿಜವಾಗಿ ಅಲ್ಲಿರುತ್ತೀರಾ, ಅಥವಾ ಆಮೇಲೆ ಕೇಳಿ ಬರೆಯುತ್ತೀರಾ? ನೇರ ಉತ್ತರ ಬೇಕು.

ಗುರುಶಾಂತಮ್ಮ


ಹಿರೇಕೊಟ್ನೆಕಲ್
19-8-1979

ಬಾಯಿಯವರಿಗೆ,

ನೇರ ಉತ್ತರ: ಇರುತ್ತೇನೆ. ಮಳೆಯಲ್ಲಿ ಕಂಬಳಿ ಹೊದ್ದು ಕೂತು, ಮರಿ ಕಾಲೂರಿ ನಿಲ್ಲುವ ತನಕ ಇರುತ್ತೇನೆ. ಆದರೆ ಪುಸ್ತಕದಲ್ಲಿ ತಾಯಿ ಎಂದು ಬರೆಯುವುದು ಒಂಬತ್ತನೇ ದಿನ, ಕಿವಿಕಚ್ಚು ಬಿದ್ದ ಮೇಲೆ. ಕಚ್ಚು ಏನು ಹೇಳುತ್ತದೋ ಅದನ್ನೇ ಬರೆಯುತ್ತೇನೆ. ಆರು ವರ್ಷದಿಂದ ಹೀಗೇ ಬರೆದಿದ್ದೇನೆ, ಒಬ್ಬರೂ ಕೇಳಲಿಲ್ಲ.

ನಿಮ್ಮ ಪತ್ರವನ್ನು ಬೂದೆಮ್ಮನಿಗೆ ಓದಿ ಹೇಳಿದೆ. ಬಾಯಲ್ಲಿದ್ದ ಎಲೆ ಉಗುಳಿ ಹೇಳಿದಳು: "ಶೀಸೇದಾಗಿನ ರಗತ ಹಾಲು ಕೊಡ್ತದೇನಪಾ? ಮರಿ ಯಾರ ಹಿಂದ ಓಡ್ತದ ಅದನ್ನ ನೋಡಂತ ಹೇಳು ಆ ಯವ್ವಗ." ಅವಳು ಹೇಳಿದ್ದನ್ನು ಹಾಗೇ ಬರೆದಿದ್ದೇನೆ, ಸಿಟ್ಟಾಗಬೇಡಿ. ಸಿಟ್ಟಾದರೂ ಆಗಿ, ನನಗೂ ಸಿಟ್ಟು ಬಂದಿದೆ. ಮುತ್ತಿನಂಥ ಅಕ್ಷರ ಎಂದವರು ಎರಡನೇ ಪತ್ರದಲ್ಲೇ ನನ್ನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸಿದಿರಿ.

ಗದ್ದೆಪ್ಪ


ಹೈದರಾಬಾದ್
14-9-1979

ಶ್ರೀ ಗದ್ದೆಪ್ಪನವರಿಗೆ,

ಈ ಪತ್ರವನ್ನು ಮೂರು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ.

ಏಳು ಈಗ ಹನ್ನೊಂದಾಗಿದೆ. ವಿಷಯ ನಿರ್ದೇಶಕರ ತನಕ ಹೋಗಿದೆ. ದೇವದುರ್ಗದ ಹನುಮಂತ್ರಾಯನವರು ಬರೆದ ಐದನೇ ಪುಸ್ತಕದಲ್ಲಿ ಇಂಥದ್ದು ಒಂದೂ ಇಲ್ಲ. ನೀವು ಅಲ್ಲಿಗೆ ಹೋಗಿ ಅವರ ಕ್ರಮ ಕಲಿಯಬೇಕು ಎಂದು ಅಪ್ಪಣೆಯಾಗಿದೆ.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ನಿಮ್ಮ ದಿನಗೂಲಿ ಕೆಲಸವನ್ನು ಕಾಯಂ ಮಾಡಲು ತೆಗೆದ ಕಡತದಲ್ಲಿ ನಿಮ್ಮ ಅರ್ಜಿ ಸಿಕ್ಕಿತು. ತಾಯಿಯ ಹೆಸರು 'ಬೂದೆಮ್ಮ' ಎಂದು ನಿಮ್ಮ ಕೈಯಲ್ಲೇ ಬರೆದಿದ್ದೀರಿ. ಹಿಂಡಿನ ಒಡತಿ ಬೂದೆಮ್ಮ ಎಂದು ನನಗೆ ಬರೆದವರೂ ನೀವೇ. ಅವಳು ನಿಮ್ಮ ತಾಯಿ ಎಂದು ಒಂದು ಮಾತು ಹೇಳಲಿಲ್ಲ! ತನ್ನ ಮನೆಯ ಹಿಂಡನ್ನು ತಾನೇ ದಾಖಲಿಸಬಾರದು ಎಂಬ ನಿಯಮ ನಿಮಗೆ ಗೊತ್ತು. ಆದರೆ ಮಾನ್ವಿ ತಹಸೀಲಿನಿಂದ ಬಂದ ಜನನ ದಾಖಲೆಯ ನಕಲಿನಲ್ಲಿ ನಿಮ್ಮ ತಾಯಿ 'ಕರೆಮ್ಮ, ಕುರ್ಡಿ' ಎಂದಿದೆ. ಕುರಿಗಳ ತಾಯಿಯನ್ನೂ ತನ್ನ ತಾಯಿಯನ್ನೂ ಬೇಕಾದಂತೆ ಬರೆಯುವವನು ಎಂದು ನಿರ್ದೇಶಕರು ಎಲ್ಲರೆದುರು ಅಂದರು.

ಡಿಸೆಂಬರ್ 31ಕ್ಕೆ ಈ ವರ್ಷದ ಕಾರ್ಡುಗಳನ್ನು ಮುಚ್ಚುತ್ತಾರೆ. ಅಷ್ಟರಲ್ಲಿ ವಿವರಣೆ ಬರದಿದ್ದರೆ ಏಳನೇ ಪುಸ್ತಕ ಇಡಿಯಾಗಿ ರದ್ದು. ಅದರ ಜೊತೆ ನಿಮ್ಮ ಕೆಲಸವೂ ಹೋಗುತ್ತದೆ. ಹನ್ನೊಂದು ಮರಿಗಳ ತಾಯಿ ಕಾಲಂ ಅನ್ನು ಖಾಲಿ ಬಿಡಲು ಒಪ್ಪಿದರೆ ಪುಸ್ತಕವನ್ನಾದರೂ ಉಳಿಸಿಕೊಳ್ಳಬಹುದೇನೋ. ಯೋಚಿಸಿ.

ಗುರುಶಾಂತಮ್ಮ


ದೇವದುರ್ಗ
2-10-1979

ಬಾಯಿಯವರಿಗೆ,

ಹನುಮಂತ್ರಾಯರ ಕ್ರಮ ಕಲಿತೆ. ಒಳ್ಳೆಯ ಮನುಷ್ಯ, ಜ್ವಾಳದ ರೊಟ್ಟಿ, ಪುಂಡಿಪಲ್ಯ ಹಾಕಿ ಊಟ ಮಾಡಿಸಿದರು. ಪುಸ್ತಕ ಬಿಚ್ಚಿ ತೋರಿಸಿದರು. ಸ್ವಲ್ಪ ಅನುಮಾನ ಬಂದ ಮರಿಯ ಮುಂದೆಲ್ಲ ತಾಯಿ ಕಾಲಂ ಖಾಲಿ. ಇನ್ನೂರು ಮರಿಗಳಲ್ಲಿ ಅರವತ್ತಕ್ಕೆ ತಾಯಿಯೇ ಇಲ್ಲ. "ಬರೀದಿದ್ರ ತಪ್ಪು ಎಲ್ಲಿಂದ ಬರ್ತದ ತಮ್ಮಾ?" ಎಂದು ನಕ್ಕರು. ನಿಮ್ಮ ಯಂತ್ರ ಖಾಲಿ ಜಾಗವನ್ನು ಮೆಚ್ಚಿ ಬೆನ್ನು ತಟ್ಟಿದೆ.

ನಮ್ಮ ಹನ್ನೊಂದು ಮರಿಗಳನ್ನು ನಾನು ತಬ್ಬಲಿ ಮಾಡುವುದಿಲ್ಲ. ಅವಕ್ಕೆ ತಾಯಿ ಇದ್ದಾಳೆ. ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ತಾಯಿಯ ವಿಚಾರ ಕೇಳಬೇಡಿ. ಕೇಳುವ ಹಕ್ಕು ಕಚೇರಿಗೆ ಇರಬಹುದು. ಹೇಳುವ ಬಾಯಿ ನನಗಿಲ್ಲ.

ಗದ್ದೆಪ್ಪ


ಹೈದರಾಬಾದ್
25-10-1979

ಶ್ರೀ ಗದ್ದೆಪ್ಪನವರಿಗೆ,

ದೇವದುರ್ಗದ ಪುಸ್ತಕವನ್ನು ತೆಗೆದು ಎಣಿಸಿದೆ. ಖಾಲಿ ಕಾಲಂ ಅರವತ್ತಲ್ಲ, ಅರವತ್ತನಾಲ್ಕು. ಇದುವರೆಗೆ ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಆ ಮಟ್ಟಿಗೆ ನೀವು ಗೆದ್ದಿರಿ.

ಆದರೆ 'ಕಣ್ಣಾರೆ ಕಂಡಿದ್ದೇನೆ' ಎಂದಿರಲ್ಲ, ಏನನ್ನು ಕಂಡಿರಿ? ಅದನ್ನು ಬರೆದರೆ ಸಾಕು.

ಗುರುಶಾಂತಮ್ಮ


ಹೈದರಾಬಾದ್
20-11-1979

ಗದ್ದೆಪ್ಪನವರಿಗೆ,

ನಾಲ್ಕು ವಾರ ಕಾದೆ. ಒಂದು ಅಂಚೆ ಕಾರ್ಡೂ ಬರಲಿಲ್ಲ. ಅಮೀರ್ ಸಾಬ್ ಬಂದಾಗ ಕೇಳಿದರೆ, "ಅವ ಮಾತೇ ಬಿಟ್ಟಾನ್ರೀ, ಕುರಿ ಹಿಂದ ಹೋಗ್ತಾನ, ಕುರಿ ಹಿಂದ ಬರ್ತಾನ" ಎಂದ.

ಇಷ್ಟು ದಿನ ನಿಮ್ಮ ಪರವಾಗಿ ಮಾತಾಡಿದ್ದೇನೆ, ಇದು ನಿಮಗೆ ಗೊತ್ತಿರಲಿ. ಈಗ ನನಗೇ ಅನುಮಾನ. ನಿಮ್ಮ ಮನೆಯ ಹಿಂಡಿಗೆ ಹೆಸರು ಬರಲಿ ಎಂದು ಚೆನ್ನಾಗಿ ಬೆಳೆದ ಮರಿಗಳನ್ನೆಲ್ಲ ನಿಮಗೆ ಬೇಕಾದ ಕುರಿಗಳ ಹೆಸರಿಗೆ ಹಾಕಿದ್ದೀರಿ ಎಂದು ಇಲ್ಲಿ ಹೇಳುತ್ತಾರೆ. ಏಕೆಂದರೆ ಆ ಹನ್ನೊಂದರಲ್ಲಿ ಗದ್ದ ಬಾತು ಸತ್ತದ್ದು ಒಂದೂ ಇಲ್ಲ. ನನಗೂ ಮೋಸ ಮಾಡಿದಿರಿ ಎಂದು ಅನಿಸುತ್ತದೆ, ಅನಿಸಿದ್ದನ್ನು ಬರೆದಿದ್ದೇನೆ.

ಜನವರಿಯಲ್ಲಿ ಮಾರಬೇಕಾದ ಗೊಡ್ಡು ಕುರಿಗಳ ಪಟ್ಟಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ಮೂವತ್ತೊಂದು, ಐವತ್ತೆಂಟು, ಅರವತ್ತು. ಮೂರೂ ಏಳನೇ ಪುಸ್ತಕದವು.

ಗುರುಶಾಂತಮ್ಮ


ಹಿರೇಕೊಟ್ನೆಕಲ್
28-11-1979

ಬಾಯಿಯವರಿಗೆ,

ಪುಸ್ತಕ ರದ್ದು ಮಾಡಿ. ನನ್ನನ್ನೂ ತೆಗೆಯಿರಿ. ಆ ಮೂರು ಕುರಿಗಳನ್ನು ಮಾತ್ರ ಮಾರಿಸಬೇಡಿ. ಕಾರಣ ಬರೆಯಲಾರೆ. ಮಾತು ಕೊಟ್ಟಿದ್ದೇನೆ.

ಗದ್ದೆಪ್ಪ


ಮಾನ್ವಿ
20-12-1979

ಗದ್ದೆಪ್ಪನವರಿಗೆ,

ಎಳ್ಳ ಅಮಾವಾಸ್ಯೆಗೆಂದು ಊರಿಗೆ ಬಂದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕು, ನಿಮ್ಮೂರಿಗೆ ಬರಲು ದಿನವಿಲ್ಲ. ಈ ಪತ್ರವನ್ನು ಗಿರಣಿಯ ಗಾಡಿ ಹೊಡೆಯುವ ತಾಯಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನನ್ನು ಕಾಯಿಸಿಯಾದರೂ ಉತ್ತರ ಬರೆಯಿರಿ ಎಂದು ಕೇಳುವಷ್ಟು ಗಾಬರಿಯಲ್ಲಿದ್ದೇನೆ.

ನಿನ್ನೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಕಲ್ಲೂರಿನ ಹೊಲಕ್ಕೆ ಹೋಗಿದ್ದೆವು. ಗೊಬ್ಬರಕ್ಕೆಂದು ಅಪ್ಪ ಅಲ್ಲಿ ಯಾರದೋ ಕುರಿ ತರುಬಿ ನಿಲ್ಲಿಸಿದ್ದರು. ನಮ್ಮ ತಾಯಿ ಶರಣಮ್ಮ ಬುತ್ತಿ ಬಿಚ್ಚುತ್ತಿದ್ದಳು, ನಾನು ಹಟ್ಟಿಯ ಕಡೆ ಹೋದೆ. ಒಂದು ಮರಿ ನಿಂತಿತ್ತು, ಅದರ ಮೈಮೇಲೆ ಸತ್ತ ಇನ್ನೊಂದು ಮರಿಯ ಚರ್ಮ. ಕಾಲುಗಳನ್ನು ತೂರಿಸಿ, ಹೊಟ್ಟೆಯ ಕೆಳಗೆ ದಾರದಿಂದ ಕಟ್ಟಿದ್ದರು. ಒಂದು ಕುರಿ ಅದರ ಬಾಲವನ್ನು ಮೂಸಿ ಮೂಸಿ ನೋಡಿ, ಕೊನೆಗೆ ಹಾಲು ಕುಡಿಯಲು ಬಿಟ್ಟಿತು.

ಎಂಟು ವರ್ಷದವಳಿದ್ದಾಗ ಇದನ್ನೇ ನಾನು ನೋಡಿದ್ದೆ! ಮರಿಗೆ ಏನೋ ರೋಗ ಎಂದುಕೊಂಡು ಅತ್ತಿದ್ದೆ. "ಇದು ಅದರ ಮರಿ ಅಲ್ಲೇನು?" ಎಂದು ಕೂಗಿದಾಗ ಕುರಿ ಕಾಯುವ ಹೆಂಗಸೊಬ್ಬಳು ಓಡಿಬಂದು ನನ್ನ ಬಾಯಿ ಮುಚ್ಚಿ, "ಅನಬಾರ್ದು ಯವ್ವಾ, ಕುರಿ ಕೇಳ್ತದ, ಒದ್ದುಬಿಡ್ತದ" ಎಂದಿದ್ದಳು. ನಿನ್ನೆಯೂ ನಾನು ಬಾಯಿ ತೆರೆಯುವ ಮೊದಲೇ ಅಲ್ಲಿದ್ದ ಕುರಿಗಾರ ತುಟಿಯ ಮೇಲೆ ಬೆರಳಿಟ್ಟ.

ಮರಿ ಸತ್ತ ಕುರಿಗೆ ಆ ಚರ್ಮದ ವಾಸನೆ ತೋರಿಸಿ ಬೇರೆ ಮರಿಯನ್ನು ಕೂಡಿಸುತ್ತೀರಿ. ಒಂಬತ್ತನೇ ದಿನ ಆ ಸಾಕುತಾಯಿಯ ಕಚ್ಚನ್ನೇ ಹಾಕುತ್ತೀರಿ. ಹೆತ್ತವಳ ಹೆಸರನ್ನು ಆಮೇಲೆ ಯಾರೂ ಎತ್ತುವುದಿಲ್ಲ. ನೀವು ಸುಳ್ಳು ಬರೆಯಲಿಲ್ಲ. ನಾನು ಕೇಳಿದ ಪ್ರಶ್ನೆಗೆ ನಿಮ್ಮ ಹಟ್ಟಿಯಲ್ಲಿ ಬೇರೆ ಉತ್ತರ ಇರಲಿಲ್ಲ. ಹೌದು ತಾನೆ?

ಹಾಗಿದ್ದರೆ ತಾಯಿಯ ಕಾಲಂ ಅನ್ನು ಖಾಲಿ ಬಿಡುವುದು ಬೇಡ. ಎರಡು ಕಾಲಂ ಮಾಡೋಣ: ಹೆತ್ತವಳು ಒಂದು, ಹಾಲು ಕೊಟ್ಟವಳು ಒಂದು. ನಿರ್ದೇಶಕರೊಂದಿಗೆ ನಾನು ಜಗಳವಾಡುತ್ತೇನೆ. ಆದರೆ ಹೆತ್ತವರ ಹೆಸರು ನನಗೆ 31ರ ಒಳಗೆ ಬೇಕು. ಮಾತು ಕೊಟ್ಟಿದ್ದೇನೆ ಎಂದಿರಿ. ಯಾರಿಗೆ ಕೊಟ್ಟಿರೋ ಅವರನ್ನೇ ಕೇಳಿ, ನನ್ನ ಸಲುವಾಗಿ ಕೇಳಿ.

ನವೆಂಬರಿನಲ್ಲಿ ಬರೆದ ಪತ್ರವನ್ನು ಹರಿದು ಹಾಕಿ. ನನಗೆ ನಾಚಿಕೆಯಾಗಿದೆ.

ಗುರುಶಾಂತಮ್ಮ


ಹಿರೇಕೊಟ್ನೆಕಲ್
26-12-1979

ಗುರುಶಾಂತಮ್ಮ ಬಾಯಿಯವರಿಗೆ ನಮಸ್ಕಾರ.

ತಾಯಣ್ಣನನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ ಕ್ಷಮಿಸಿ. ಆ ದಿನ ನನಗೆ ಧೈರ್ಯ ಬರಲಿಲ್ಲ. ಇದನ್ನು ಅಮೀರ್ ಸಾಬ್ ರೈಲಿನಲ್ಲಿ ತಂದು ನಿಮ್ಮ ಕೈಗೇ ಕೊಡುತ್ತಾನೆ.

ನೀವು ಊಹಿಸಿದ್ದು ಸರಿ. ಮೂರು ದಿನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಾಲ್ಕನೇ ದಿನ ಬೂದೆಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ನೋಡಿದಳು. "ಹಟ್ಟ್ಯಾಗ ಅನಬಾರ್ದು ಅಂದಿದ್ದೆ. ಊರಾಗ ಅನಬಾರ್ದು ಅಂದಿದ್ದೆನೇನು? ಆರು ತಿಂಗಳ ಯಾಕ ಒಳಗೊಳಗ ಕುದ್ದಿಯೋ ಖೋಡಿ?"

ನೋಡಿ, ನನ್ನ ಬುದ್ಧಿ! ಕೊಟ್ಟ ಮಾತನ್ನು ಅವಳಿಗಿಂತ ನಾನೇ ದೊಡ್ಡದು ಮಾಡಿಕೊಂಡಿದ್ದೆ.

ಮರುದಿನ ಹೊತ್ತೇರಿದ ಮೇಲೆ ಇಬ್ಬರೂ ಕಾಲುವೆ ದಾಟಿ ಆಚೆ ದಂಡೆಯ ಜಾಲಿಮರದ ಕೆಳಗೆ ಕೂತೆವು. ಕುರಿಗಳಿಗೆ ಮಾತು ಕೇಳದಷ್ಟು ದೂರ ಬೇಕೆಂದು ಅವಳೇ ಜಾಗ ನೋಡಿದಳು. ಬೂದೆಮ್ಮನ ಹಿರಿಯ ಮಗ, ನನ್ನ ಅಣ್ಣ ಸಾಬಣ್ಣ ಹಟ್ಟಿ ಕಾಯಲು ನಿಂತ. ಅವಳು ಒಂದೊಂದೇ ಮರಿಯನ್ನು ನೆನೆಸಿ ಹೇಳುತ್ತಾ ಹೋದಳು, ನಾನು ಬರೆದೆ. ಐದನೆಯದು ಬರೆಯುವಾಗ ಕೈ ನಿಂತಿತು. ಎಂಟನೆಯದಕ್ಕೆ ನಾನು ಎದ್ದು ನಿಂತೆ.

ಹನ್ನೊಂದರಲ್ಲಿ ಎಂಟು ಮರಿಗಳನ್ನು ಹೆತ್ತವರು ನಿಮ್ಮ ಪಟ್ಟಿಯ ಆ ಮೂರು ಗೊಡ್ಡು ಕುರಿಗಳು. ಜೋಲುಗಿವಿಗೆ ಹಾಲಿಲ್ಲ. ಪ್ರತಿ ವರ್ಷ ಈಯುತ್ತದೆ, ಕೆಚ್ಚಲು ಬತ್ತಿರುತ್ತದೆ. ಐವತ್ತೆಂಟು, ಅರವತ್ತು ಅದರ ಹೊಟ್ಟೆಯವೇ, ಅವಕ್ಕೂ ಹಾಗೇ. ಹುಟ್ಟಿದ ಮರಿಯನ್ನೆಲ್ಲ ಬೇರೆ ತಾಯಿಗೆ ಕೂಡಿಸುತ್ತಾ ಬಂದಿದ್ದೇವೆ. ಆದರೂ ಬೂದೆಮ್ಮ ಅವನ್ನು ಮಾರಲಿಲ್ಲ. "ಹಾಲಿಲ್ಲದಿದ್ರ ಏನಾತು? ಅದರ ಹೊಟ್ಟ್ಯಾಗಿನವು ಕೆಸರಾಗ ನಿಂತ್ರೂ ಸಾಯಂಗಿಲ್ಲ" ಎಂದಳು. ಅವಳಿಗೆ ಇದು ಗೊತ್ತಿತ್ತು! ನಾವು ಯಾರೂ ಕೇಳಿರಲಿಲ್ಲ. ಪ್ರತಿ ಮರಿಯನ್ನೂ ಕೈಯಲ್ಲಿ ಹಿಡಿದು ಕೂಡಿಸಿದ ನನಗೂ ಎಂಟನ್ನು ಒಂದೆಡೆ ಬರೆದು ನೋಡುವ ತನಕ ಹೊಳೆದಿರಲಿಲ್ಲ.

ಪಟ್ಟಿ ಇದರ ಜೊತೆ ಇದೆ.

ಇನ್ನು ನನ್ನ ಮಾತು. ನೀವು ನಾಚಿಕೆ ಎಂದು ಬರೆದಿರಿ, ಹಾಗಾಗಿ ನಾನೂ ಮುಚ್ಚಿಡುವುದಿಲ್ಲ. ನನ್ನನ್ನು ಹೆತ್ತವಳು ಕುರ್ಡಿಯ ಕರೆಮ್ಮ. ನಾನು ಹುಟ್ಟಿ ಇಪ್ಪತ್ತು ದಿನಕ್ಕೆ ವಾಂತಿಭೇದಿಯಲ್ಲಿ ಹೋದಳು, ಅಪ್ಪನೂ ಅದೇ ವಾರ. ಬೂದೆಮ್ಮನ ಕೂಸು ಅದೇ ತಿಂಗಳು ತೀರಿಕೊಂಡಿತ್ತು. ನನ್ನನ್ನು ತಂದು ಅವಳ ಉಡಿಯಲ್ಲಿ ಹಾಕಿದಾಗ ಅವಳು ಮುಖ ತಿರುಗಿಸಿದಳಂತೆ. ಅವಳ ಅತ್ತೆ ಸತ್ತ ಕೂಸಿನ ಕುಂಚಿಗೆಯನ್ನು ತಂದು ನನ್ನ ತಲೆಗೆ ಕಟ್ಟಿದಳಂತೆ. ಆಮೇಲೆ ಎತ್ತಿಕೊಂಡಳು. ಇದನ್ನು ಊರಿನವರು ನನಗೆ ಹೇಳಿದ್ದಾರೆ. ಅವಳ ಬಾಯಲ್ಲಿ ಇವತ್ತಿನವರೆಗೂ ಕೇಳಿಲ್ಲ, ನಾನೂ ಕೇಳಿಲ್ಲ.

ಹೀಗಿರುವಾಗ ಅರ್ಜಿಯಲ್ಲಿ ಯಾರ ಹೆಸರು ಬರೆಯಬೇಕಿತ್ತು? ನಿಮಗೆ ಅವಳು ನನ್ನ ತಾಯಿ ಎಂದು ಹೇಳಿದ್ದರೆ ಮನೆಯ ಹಿಂಡು ಎನ್ನುತ್ತಿದ್ದಿರಿ. ಅಲ್ಲ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಅದಕ್ಕೇ ಒಡತಿ ಎಂದು ಬರೆದು ನುಣುಚಿಕೊಂಡೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಗದ್ದೆಪ್ಪ


ಹೈದರಾಬಾದ್
14-1-1980

ಪ್ರಿಯ ಗದ್ದೆಪ್ಪನವರಿಗೆ,

ಏಳನೇ ಪುಸ್ತಕ ಉಳಿಯಿತು! ಅಮೀರ್ ಸಾಬ್ 29ರಂದು ಬಂದ. 30, 31 ಎರಡೂ ದಿನ ಕೂತು ಹೊಸ ಕಾರ್ಡುಗಳಿಗೆ ತೂತು ಹೊಡೆದೆ. ಕಪಾಟಿನಲ್ಲಿರುವ ಎಲ್ಲ ಕುರಿಗಳಿಗೂ ಇನ್ನು ಮುಂದೆ ಎರಡು ಕಾಲಂ: ಹೆತ್ತವಳು, ಹಾಲು ಕೊಟ್ಟವಳು. ಹನ್ನೊಂದು ಮರಿಗಳ ರಕ್ತವೂ ಹೆತ್ತವರ ಜೊತೆ ಕೂಡಿತು, ಒಂದೂ ತಪ್ಪಲಿಲ್ಲ. ನಿರ್ದೇಶಕರು ಕಾರ್ಡುಗಳನ್ನು ಎರಡು ಸಲ ನೋಡಿದರು. ಮಾರಾಟದ ಪಟ್ಟಿಯಿಂದ ಆ ಮೂರನ್ನು ಅವರೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ದೇವದುರ್ಗದ ಅರವತ್ತನಾಲ್ಕು ಮರಿಗಳ ತಾಯಂದಿರನ್ನು ಹುಡುಕಿ ಬರೆಯಲು ಹನುಮಂತ್ರಾಯರಿಗೆ ಅಪ್ಪಣೆ ಹೋಗಿದೆ. ರೊಟ್ಟಿ ಉಂಡ ಋಣಕ್ಕೆ ನೀವೇ ಹೋಗಿ ಸಹಾಯ ಮಾಡಬೇಕು.

ಇಷ್ಟೇ ಬರೆದು ಮುಗಿಸಬಹುದಾಗಿದ್ದರೆ ಎಷ್ಟು ಚೆನ್ನಾಗಿತ್ತು.

ನಿಮ್ಮ ಕಡತ ನನ್ನ ಕೈಯಲ್ಲಿಲ್ಲ, ಆಡಳಿತದವರ ಕೈಯಲ್ಲಿದೆ. ಅವರ ಲೆಕ್ಕ ಬಹಳ ಸುಲಭ. ಬೂದೆಮ್ಮ ನಿಮ್ಮ ತಾಯಿಯಾದರೆ ನೀವು ಮನೆಯ ಹಿಂಡನ್ನು ದಾಖಲಿಸಿ ನಿಯಮ ಮುರಿದಿದ್ದೀರಿ. ತಾಯಿ ಅಲ್ಲವಾದರೆ ಯಾವ ತಪ್ಪೂ ಇಲ್ಲ, ಅರ್ಜಿಯಲ್ಲಿ ಕೈತಪ್ಪಿನಿಂದ ಬರೆದದ್ದು ಎಂದು ತಿದ್ದಿ ಕಾಯಂ ಮಾಡುತ್ತಾರೆ. ಅದಕ್ಕೊಂದು ಹೇಳಿಕೆಯ ನಮೂನೆ ಕೊಟ್ಟಿದ್ದಾರೆ, ಜೊತೆಗಿದೆ. ಅದರ ಎರಡನೇ ಸಾಲು ನನಗೆ ಓದಲು ಆಗಲಿಲ್ಲ. 'ಹಿಂಡಿನ ಒಡತಿ ಬೂದೆಮ್ಮ ನನ್ನ ತಾಯಿಯಲ್ಲ.' 31ನೇ ತಾರೀಖಿನೊಳಗೆ ಸಹಿ ಮಾಡಿ ಕಳಿಸಬೇಕು.

ಇವರಿಗೂ ಎರಡು ಕಾಲಂ ಮಾಡಿ ಎಂದು ಕೇಳಿದೆ. ನಕ್ಕರು. ಕುರಿಗೆ ಕೊಡಿಸಿದ್ದನ್ನು ನಿಮಗೆ ಕೊಡಿಸಲು ನನ್ನಿಂದ ಆಗಲಿಲ್ಲ. ಸಹಿ ಮಾಡಿ ಎಂದು ಹೇಳಲಾರೆ, ಬೇಡ ಎಂದೂ ಹೇಳಲಾರೆ. ಈ ಕೆಲಸಕ್ಕೆ ನಿಮ್ಮಂಥವರು ಇನ್ನೊಬ್ಬರು ಸಿಗುವುದಿಲ್ಲ ಎಂಬುದು ಮಾತ್ರ ನನಗೆ ಗೊತ್ತು.

ನಿಮ್ಮ,
ಗುರುಶಾಂತಮ್ಮ


ಹಿರೇಕೊಟ್ನೆಕಲ್
27-1-1980

ಗುರುಶಾಂತಮ್ಮ ಬಾಯಿಯವರಿಗೆ,

ಹೇಳಿಕೆ ಇದರ ಜೊತೆ ಇದೆ. ಸಹಿ ಮಾಡಿದ್ದೇನೆ.

ಮಾಡಬಾರದೆಂದೇ ಇದ್ದೆ. ಆ ಹಾಳೆಯನ್ನು ಒಲೆಗೆ ಹಾಕುವುದೆಂದು ಮಡಚಿ ಕೈಯಲ್ಲಿ ಹಿಡಿದಿದ್ದೆ. ಬೂದೆಮ್ಮ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ, "ಏನದು, ಮತ್ತ ಆ ಯವ್ವನ ಕಾಗದೇನು?" ಎಂದಳು. ಹೌದೆಂದೆ. ಓದೆಂದಳು. ಇಲ್ಲಿ ಓದಲಾರೆ ಎಂದೆ. ಅವಳ ಕೈ ನಿಂತಿತು. ಎಷ್ಟು ತಿಳಿಯಿತೋ ಗೊತ್ತಿಲ್ಲ, ಹಂಚಿನ ಮೇಲಿನ ರೊಟ್ಟಿ ತೆಗೆದು, ಕೈಯ ಹಿಟ್ಟು ಕೊಡವಿ, ಕೋಲು ತೆಗೆದುಕೊಂಡಳು. "ನಡಿ" ಎಂದಳು.

ಕಾಲುವೆ ದಾಟಿ ಅದೇ ಜಾಲಿಮರದ ಕೆಳಗೆ ಕೂತೆವು. ಓದಿದೆ. ಮೊದಲನೇ ಸಾಲು, ನನ್ನ ತಾಯಿ ಕುರ್ಡಿಯ ಕರೆಮ್ಮ ಎಂಬುದು, ಸರಿಯಾಗಿ ಬಂತು. ಎರಡನೇ ಸಾಲಿಗೆ ಬಂದು ನಿಲ್ಲಿಸಿದೆ. ಅವಳು, "ಮುಂದ?" ಎಂದಳು. ಓದಿದೆ ಬಾಯಿಯವರೇ. ಅವಳ ಮುಖ ನೋಡುತ್ತಾ ಅವಳು ನನ್ನ ತಾಯಿಯಲ್ಲ ಎಂದು ಓದಿದೆ. ಇಪ್ಪತ್ತೇಳು ವರ್ಷದ ಗಂಡಸು ಕಾಲುವೆ ದಂಡೆಯಲ್ಲಿ ಕೂಸಿನಂತೆ ಅತ್ತೆ.

ಆಗ ಅವಳು ಮೊದಲ ಸಲ ನನ್ನ ಹತ್ತಿರ ಹೆತ್ತವಳ ಮಾತಾಡಿದಳು. "ಕರೆಮ್ಮ ಭಾಳ ಚಂದ ಇದ್ಲಪ. ನಿನ್ನ ಹಣಿ ಆಕಿದ. ಆಕಿ ಹೆಸರೂ ಎಲ್ಯಾರ ಒಂದ್ಕಡಿ ಬರೀಬೇಕಿತ್ತು. ಬರಿ." ಆಮೇಲೆ ಬೆರಳೆತ್ತಿ ಹಟ್ಟಿಯ ಕಡೆ ತೋರಿಸಿದಳು. "ಇಲ್ಲೇ ಬರಿ. ಅಲ್ಲಿಗಿ ಹೋದ ಮ್ಯಾಲ ಮತ್ತ ಅನಬ್ಯಾಡ."

ಅಲ್ಲಿಯೇ ಮೊಣಕಾಲ ಮೇಲಿಟ್ಟು ಸಹಿ ಮಾಡಿದೆ. ಅಕ್ಷರ ಮುತ್ತಿನಂತಿಲ್ಲ, ನೀವೇ ನೋಡುತ್ತೀರಿ.

ನಾವು ತಿರುಗಿ ಬರುವಾಗ ಸಂಜೆಯಾಗಿತ್ತು. ಸಾಬಣ್ಣ ಕುರಿ ಹೊಡೆದುಕೊಂಡು ಬಂದಿದ್ದ. ಬೂದೆಮ್ಮ ಎಂದಿನಂತೆ ಹಟ್ಟಿಯ ಬಾಗಿಲಲ್ಲಿ ಕೂತಳು. ಜೋಲುಗಿವಿ ಬಂತು, ಅದರ ಎರಡು ಮಕ್ಕಳು ಬಂದವು, ಹಾಲು ಕೊಟ್ಟ ತಾಯಂದಿರ ಹಿಂದೆ ಮರಿಗಳು ಬಂದವು. ಒಂದೊಂದರ ಕಿವಿ ಮುಟ್ಟಿ ಒಳಗೆ ಬಿಟ್ಟಳು. ಇನ್ನೂರ ಹನ್ನೆರಡೂ ಒಳಗಾದ ಮೇಲೆ ಸಾಬಣ್ಣ ಬಾಗಿಲಿಗೆ ಮುಳ್ಳು ಎಳೆಯಲು ಹೋದ. "ತಡಿ" ಎಂದಳು. ನಾನು ಹೊರಗೆ ಹಾಳೆ ಹಿಡಿದುಕೊಂಡು ನಿಂತಿದ್ದೆ. ಬಾ ಎಂದು ಕೈ ಮಾಡಿದಳು. ಬಗ್ಗಿದೆ. ನನ್ನ ಕಿವಿಯನ್ನು ಬೆರಳಲ್ಲಿ ಹಿಡಿದು, ಮೇಲಿಂದ ಕೆಳಗೆ ಒಮ್ಮೆ ಸವರಿ, ಒಳಗೆ ಬಿಟ್ಟಳು.

ಗದ್ದೆಪ್ಪ